ನೀಲಗರುಡನ ಡಬ್ಬಿಗೆ ಕುಂಕುಮ

15 ನವೆಂಬರ್, ಶನಿವಾರ, ಸೊರಬ

ಆ ಕುಂಕುಮ ಹೋಗುತ್ತಲೇ ಇಲ್ಲ. ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಹರಡಿತು. ಸೂಪರ್‌ಹೀರೋ ನೀಲಗರುಡನ ಲಿಮಿಟೆಡ್ ಎಡಿಷನ್ ಗೊಂಬೆ, ಮಾಡಿರುವುದೇ ಇನ್ನೂರು. ಸೀಲು ಒಡೆಯದ ಅದರ ಡಬ್ಬಿಯ ಮುಂಭಾಗಕ್ಕೆ ಅಜ್ಜಿಯ ಹೆಬ್ಬೆರಳಗಲದ ಬೊಟ್ಟು!

ಮನೆಗೆ ಹೊಸದೇನು ಬಂದರೂ ಹೂವಮ್ಮಜ್ಜಿ ಕುಂಕುಮ ಇಡದೆ ಬಿಡುವವಳಲ್ಲ. ಮಿಕ್ಸಿಗೂ ಇಟ್ಟಿದ್ದಳು, ನನ್ನ ಮೊಬೈಲಿಗೂ ಇಟ್ಟಿದ್ದಳು. ಪಾರ್ಸೆಲ್ ಬಿಚ್ಚಿ ಟೇಬಲ್ ಮೇಲೆ ಬಿಟ್ಟು ಹೋಗಿದ್ದು ನನ್ನದೇ ತಪ್ಪು.

“ಅಜ್ಜೀ, ಏನ್ ಮಾಡಿದ್ಯೇ ಇದು!”

“ರೆಕ್ಕೆ ಐತಲ್ಲ ಮಗಾ, ದೇವ್ರಿರ್ಬೇಕು ಅಂದ್ಕಂಡೆ. ದೇವ್ರಲ್ದಿದ್ರೆ ಏನೀಗ, ಹೊಸದಲ್ವಾ?”

ನಾಳೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಕೊಟ್ಟು ವೈಭವಣ್ಣನ ಕಪ್ಪು ಗರುಡನನ್ನು ತರಬೇಕು. ಎರಡು ವರ್ಷದಿಂದ ಆ ಗೊಂಬೆಗಾಗಿ ಹುಡುಕುತ್ತಿದ್ದೇನೆ. ಗೊಂಬೆ ಕೂಡಿಡುವವರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತು, ಡಬ್ಬಿಗೆ ಒಂದು ಗೀರು ಬಿದ್ದಿದ್ದರೂ ಅವನು ಮುಟ್ಟುವುದಿಲ್ಲ. ಹಿಂಭಾಗದ ಫೋಟೋ ಮಾತ್ರ ಕಳಿಸೋಣ ಅನ್ನಿಸಿತು. ಮನಸ್ಸು ಬರಲಿಲ್ಲ. ಮುಂಭಾಗದ್ದನ್ನೇ ಕಳಿಸಿ ಉಗುರು ಕಚ್ಚುತ್ತಾ ಕೂತೆ.

ಉತ್ತರ ಬಂತು. “ಲೇ ಶರತ್, ಇನ್ನೂರರಲ್ಲಿ ಕುಂಕುಮ ಇರೋದು ಇದೊಂದೇ ಕಣಲೇ! ಒರೆಸ್ಬ್ಯಾಡ. ನಂಗೆ ಹಿಂಗೇ ಬೇಕು.”

ಕುಣಿಯಬೇಕಿತ್ತು ನಾನು. ಕುಣಿಯಲಿಲ್ಲ. ಡಬ್ಬಿಯನ್ನು ತಂದು ದಿಂಬಿನ ಪಕ್ಕ ಇಟ್ಟುಕೊಂಡೆ. ಇದೊಂದೇ ಅಂತ ಅವನು ಹೇಳುವವರೆಗೂ ನನಗೆ ಹೊಳೆದೇ ಇರಲಿಲ್ಲ. “ಕೊಡಲ್ಲ ಅಣ್ಣ” ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಇನ್ನೂ ಕಳಿಸಿಲ್ಲ.

ಬೆಳಿಗ್ಗೆ ಏಳೂವರೆಗೆ ಬಸ್ಸು. ಕಪ್ಪು ಗರುಡ ಬಂದರೆ ಅಜ್ಜಿ ಅದಕ್ಕೂ ಇಟ್ಟೇ ಇಡುತ್ತಾಳೆ. ಇಟ್ಟರೂ ಅದು ಇದಲ್ಲವಲ್ಲ...