ಬಸ್ ನಿಲ್ಲಿಸಿದ ಮುತ್ಯಾನಿಗೆ

ಗದಗ, ೨೧೮೪ನೇ ಇಸವಿ, ಫೆಬ್ರುವರಿ ೩೦

ಪೂಜ್ಯ ಗುರುಸಿದ್ಧಪ್ಪ ಮುತ್ಯಾ ಅವರಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ತಪ್ಪು ಇರುವುದು ನನ್ನ ಕನ್ನಡದಲ್ಲಿ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು, ಅರ್ಧ ವಾಕ್ಯ ಇಂಗ್ಲಿಷಿನಲ್ಲೇ ಯೋಚಿಸುತ್ತೇನೆ. ನಾನು ಸಂಜೋತಾ, ನಿಮ್ಮ ಮಗಳು ನೀಲವ್ವನ ವಂಶದವಳು, ವೈದ್ಯಕೀಯ ಮೊದಲ ವರ್ಷ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಅಂದರೆ, ನಾವು ಹುಟ್ಟುವ ಮೊದಲೇ ಹೋದವರಿಗೆ, ಅವರು ಬದುಕಿದ್ದ ದಿನಗಳಿಗೇ ತಲುಪಿಸುವ ಅಂಚೆ. ಮುಟ್ಟೇ ಮುಟ್ಟುತ್ತದೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ.

ನಮ್ಮ ಮನೆಯಲ್ಲಿ ನಿಮ್ಮ ಹೆಸರು ಒಂದು ನಗೆಯ ಕಥೆಯಾಗಿ ಉಳಿದಿದೆ. ನೀವು ಕಂಡಕ್ಟರ್. ಹುಬ್ಬಳ್ಳಿಯಿಂದ ಬರುವಾಗ ಅಣ್ಣಿಗೇರಿ ದಾಟುವುದರೊಳಗೆ ಮತ್ತೆ ಮತ್ತೆ ಸೀಟಿ ಊದಿ, ಬಸ್ ನಿಲ್ಲಿಸಿ, ಜಾಲಿಗಿಡದ ಹಿಂದೆ ಓಡುತ್ತಿದ್ದಿರಂತೆ. “ಏನ್ರೀ ಕಂಡಕ್ಟರ್ ಸಾಹೇಬ್ರ, ಬಸ್ಸಿಂದು ಬಿಟ್ಟು ನಿಮ್ಮ ಟ್ಯಾಂಕ ಸೋರಾಕತ್ತೈತೇನ್ರೀ?” ಎಂದು ಜನ ಕೇಳಿದರೆ, “ಹುಬ್ಬಳ್ಳಿ ಚಾದ್ದು ತಪ್ಪು ನೋಡ್ರಿ” ಎನ್ನುತ್ತಿದ್ದಿರಂತೆ. ಆಮೇಲೆ ನಡಾ ನೋವು ಹಿಡಿದು ನೀವು ತೀರಿಕೊಂಡಿರಿ ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಬದುಕಿರುವವರಿಗೆ ಹೀಗೆ ಬರೆಯಬಾರದು, ಗೊತ್ತು. ಮನೆಯಲ್ಲಿ ಈಗಲೂ ಯಾರಾದರೂ ಪದೇ ಪದೇ ಬಚ್ಚಲಿಗೆ ಎದ್ದು ಹೋದರೆ “ಮುತ್ಯಾನ ಬಸ್ ನಿಂತಿತು” ಎನ್ನುತ್ತೇವೆ.

ಅಪ್ಪ ಈರಪ್ಪ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುವವರು. ಈಗ ಪ್ರತಿ ಬಚ್ಚಲಿನ ಗೋಡೆಯಲ್ಲೂ ಅಂಗೈಯಗಲದ ಹನಿಕನ್ನಡಿ ಇರುತ್ತದೆ; ಒಂದು ಹನಿ ರಕ್ತ ಒತ್ತಿದರೆ ಒಳಗೆ ಏನು ಕೆಟ್ಟಿದೆ ಎಂದು ಬಣ್ಣ ತೋರಿಸುತ್ತದೆ. ಅಪ್ಪನ ಕನ್ನಡಿ ಬಣ್ಣ ತಿರುಗಿತು. ಅಪ್ಪ ಅದರ ಮೇಲೆ ಟವೆಲ್ ನೇತುಹಾಕಿದರು. ಆಮೇಲೆ ನನಗೆ ಫೋನ್ ಮಾಡಿ, “ಏ ಸಂಜೂ, ನಂದೂ ಮುತ್ಯಾನ ಬಸ್ ಆಗೇತಿ ನೋಡವ್ವಾ” ಅಂದರು. ನಾನು ನಕ್ಕೆ. ಸ್ಪೀಕರ್ ಆನ್ ಇತ್ತು, ರೂಮಿನ ಹುಡುಗಿಯರೂ ನಕ್ಕರು. ಅಪ್ಪನೂ ನಕ್ಕರು. ಆಮೇಲೆ “ನಿಮ್ಮ ಕಾಲೇಜಿನ್ಯಾಗ ಇದನ್ನ ಕಲಿಸ್ತಾರೇನು?” ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಆಮೇಲೆ ಮಾಡ್ತೀನಪ್ಪಾ” ಎಂದು ಇಟ್ಟುಬಿಟ್ಟೆ.

ಕಲಿಸುತ್ತಾರೆ ಮುತ್ಯಾ. ಅದೇ ವಾರ ಕಲಿಸಿದರು. ಗಂಟಲ ಬಳಿಯ ಸಣ್ಣ ಗ್ರಂಥಿಗಳು ಒಂದು ಹಾರ್ಮೋನು ಮಾಡುತ್ತವೆ, ಮೈಯ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅದರ ಕೆಲಸ. ಅದನ್ನೇ ಹೋಲುವ ಇನ್ನೊಂದು ಪ್ರೋಟೀನ್ ಇದೆ. ಹೋಲುವುದು ಆರಂಭದ ತುಣುಕು ಮಾತ್ರ, ಆದರೆ ಜೀವಕೋಶದ ಬಾಗಿಲು ತೆರೆಯಲು ಅಷ್ಟು ಸಾಕು. ನನಗೆ ಇದು ಚೆನ್ನಾಗಿ ಅರ್ಥವಾಯಿತು, ಯಾಕೆಂದರೆ ನಮ್ಮ ಹಾಸ್ಟೆಲ್ ಗೇಟು ಹಾಗೆಯೇ ಮೋಸ ಹೋಗುತ್ತದೆ. ತಾಯಿಯ ದನಿ ಕೇಳಿದರೆ ರಜೆ ಕೊಟ್ಟು ತೆರೆದುಕೊಳ್ಳುವ ಗೇಟು ಅದು. ನನ್ನ ರೂಮಿನ ಮಧುಮತಿ ಅವರವ್ವನ ಹಾಗೆ “ನಮಸ್ಕಾರ್ರೀ, ನಾ ಮಧೂನ ಅವ್ವ ಮಾತಾಡಾಕತ್ತೀನ್ರೀ” ಎಂದರೆ ಸಾಕು, ಮುಂದಿನದನ್ನು ಗೇಟು ಕೇಳುವುದೇ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶವೂ ಈ ಪ್ರೋಟೀನನ್ನು ತಾನೇ ಮಾಡಿ, ತಾನೇ ಕೇಳಿಸಿಕೊಂಡು, ಬೆಳೆ ಎಂದು ಯಾರೋ ಹೇಳಿದರು ಅನ್ನುವ ಹಾಗೆ ಬೆಳೆಯುತ್ತದೆ. ಮೂಳೆಗೆ ಹೋಗಿ ಕೂತರೆ ಅಲ್ಲಿಯೂ ಅದೇ ದನಿ: ಮೂಳೆ ಕರಗುತ್ತದೆ, ಅದರಲ್ಲಿ ಕೂಡಿಟ್ಟಿದ್ದ ಬೆಳವಣಿಗೆಯ ಪ್ರೋಟೀನುಗಳು ಹೊರಗೆ ಬಿದ್ದು ಕ್ಯಾನ್ಸರಿಗೇ ಊಟವಾಗುತ್ತವೆ. ನಡಾ ನೋವು. ಕ್ಲಾಸಿನಲ್ಲಿ ನನಗೆ ನಿಮ್ಮ ಕಥೆಯ ಕೊನೆ ನೆನಪಾಗಿ ಕಿವಿ ಬಿಸಿಯಾಯಿತು. ಇಷ್ಟು ವರ್ಷ ನಾವು ನಕ್ಕಿದ್ದು ಯಾವುದಕ್ಕೆ?

ಅಪ್ಪನ ಕನ್ನಡಿ ತೋರಿಸಿದ್ದೂ ಇದೇ ಕ್ಯಾನ್ಸರು; ಇನ್ನೂ ಮೂಳೆಗೆ ಹೋಗಿಲ್ಲ. ಆ ಬಾಗಿಲಿಗೆ ಬೀಗ ಹಾಕುವ ಔಷಧಿ ನಮ್ಮಲ್ಲಿದೆ. ಆದರೆ ಕೊಡುವ ಮೊದಲು ಬಾಯೊಪ್ಪಿಗೆ ಆಗಬೇಕು. ಈಗ ಸಹಿ, ಹೆಬ್ಬೆಟ್ಟು ನಡೆಯುವುದಿಲ್ಲ; ತನಗೇನಾಗಿದೆ ಎಂದು ರೋಗಿ ಮನೆಮಾತಿನಲ್ಲಿ, ತನ್ನವರೊಬ್ಬರ ಎದುರು ಬಾಯಿಬಿಟ್ಟು ಹೇಳಬೇಕು. ಅರ್ಥವಾಗದೆ ಯಾರೂ ಒಪ್ಪಬಾರದೆಂದು ಮಾಡಿದ ಒಳ್ಳೆಯ ಕಾನೂನು. ಅಪ್ಪ ಹೋಗಿ, “ಅದ… ಅಲ್ಲಿ… ಮುತ್ಯಾನ ಬಸ್” ಅಂದರಂತೆ. ನರ್ಸ್ ನೀಲಗಂಗಾ, “ಯಜಮಾನ್ರ, ಬಸ್ಸಿಗೆ ನಾವು ಔಷಧ ಕೊಡಂಗಿಲ್ರಿ. ಮಗಳನ್ನ ಕರ್ಕೊಂಡು ಬರ್ರಿ” ಎಂದು ಕಳಿಸಿದ್ದಾರೆ.

ನಾಳೆ ನಾನು ಅಪ್ಪನ ಎದುರು ಕೂತು, ಆ ಮಾತನ್ನು ಮೊದಲು ನಾನೇ ಹೇಳಿಕೊಡಬೇಕು. ಇಂಗ್ಲಿಷಿನಲ್ಲಿ ಕೇಳಿ, ಗಡಗಡ ಹೇಳುತ್ತೇನೆ. ಕನ್ನಡದಲ್ಲಿ, ಅಪ್ಪನ ಮುಖ ನೋಡಿಕೊಂಡು ಅಂದರೆ ಮಾತು ಮತ್ತೆ ಇಂಗ್ಲಿಷಿಗೇ ಜಾರುತ್ತದೆ. ದಿಂಬಿಗೆ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ: ಅಪ್ಪಾ, ಮೂತ್ರಚೀಲದ ಕೆಳಗ ಗಂಡಸರಿಗೆ ಒಂದು ಗ್ರಂಥಿ ಇರತೈತಿ. ನಿನ್ನ ಆ ಗ್ರಂಥಿಯೊಳಗ ಕ್ಯಾನ್ಸರ್ ಐತಿ. ಇಷ್ಟೇ. ಇದನ್ನು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಲ್ಲ. ನಾನೇನು ಕಡಿಮೆ, ಫೋನ್ ಇಟ್ಟವಳು.

ಅದಕ್ಕೇ ಬೇಡಿಕೊಳ್ಳುತ್ತೇನೆ. ಬಸ್ ನಿಲ್ಲಿಸುವವರಿಗೆಲ್ಲ ಕ್ಯಾನ್ಸರೇ ಇರುವುದಿಲ್ಲ. ಡಾಕ್ಟರಿಗೆ ತೋರಿಸಿದರೆ ತಾನೇ ಗೊತ್ತಾಗುವುದು. ತೋರಿಸಿ. ಆಮೇಲೆ ಊಟಕ್ಕೆ ಕೂತಾಗ, ನೀಲವ್ವ ರೊಟ್ಟಿ ಹಾಕುತ್ತಿರುವಾಗ, ಏನಾಗಿದೆ ಎಂದು ಅವಳಿಗೆ ಹೆಸರು ಹಿಡಿದು ಹೇಳಿ. ಅವಳು ತಲೆ ತಗ್ಗಿಸಬಹುದು, “ಸುಮ್ಮನಿರಪಾ” ಎನ್ನಬಹುದು. ಆದರೂ ಹೇಳಿ. ಕೇಳಿದವಳು ತನ್ನ ಮಕ್ಕಳಿಗೆ ಹೇಳಿಯಾಳು, ನಾಳೆ ಅಪ್ಪ ಬಾಯಿ ತೆರೆದಾಗ ಆ ಮಾತು ಮನೆಯದೇ ಆಗಿ ಬಂದೀತು.

ತಪ್ಪು ಮಾತ್ರ ಚಾದ ಮೇಲೆ ಹಾಕಬೇಡಿ ಮುತ್ಯಾ.

ನಿಮ್ಮ ಕಥೆಗೆ ನಕ್ಕವಳು,
ಸಂಜೋತಾ ಈರಪ್ಪ ಹಾದಿಮನಿ