ಈ ಸಲದ ಸನ್ಮಾನ ಪತ್ರ

ಡೊಂಬಿವಲಿ ಪೂರ್ವ
೨೧ ಮಾರ್ಚ್ ೨೦೨೨

ಪ್ರೀತಿಯ ವಿನೋದಾ,

ಎರಡು ಬಿಲ್ಡಿಂಗ್ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದಾಳೆಂದು ನಗಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಓದಿದ ಮೇಲೆ ಇದನ್ನು ನಿನ್ನ ಯಜಮಾನರಿಗೂ ಕೊಡು. ಸಂಘದ ಅಧ್ಯಕ್ಷರಾದ ಅವರಿಗೂ ಗೊತ್ತಿರಲಿ: ಯುಗಾದಿ ಕಾರ್ಯಕ್ರಮದಲ್ಲಿ ಶಾಸಕ ಸಾಹೇಬರಿಗೆ ಕೊಡುವ ಸನ್ಮಾನ ಪತ್ರವನ್ನು ನಾನು ಬರೆಯುವುದಿಲ್ಲ.

ಇಪ್ಪತ್ತು ವರ್ಷಗಳಿಂದ ನಮ್ಮ ಕನ್ನಡ ಸಂಘದ ಸನ್ಮಾನ ಪತ್ರಗಳೆಲ್ಲ ನನ್ನ ಕೈಬರಹದಲ್ಲೇ ಆಗಿವೆ. ಹೋಟೆಲ್ ಮಾಲೀಕರಿರಲಿ, ಭಾಗವತರಿರಲಿ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಮೊದಲು ಮೈಕಿನ ಮುಂದೆ ನಿಂತು ಓದುವವಳೂ ನಾನೇ. ಮೊದಲೇ ಓದಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಸುಗುಣಕ್ಕ ಬರೆದದ್ದೆಂದರೆ ಸರಿಯೇ ಇರುತ್ತದೆಂದು ಎಲ್ಲರ ನಂಬಿಕೆ.

ನಿನ್ನೆ ನಿನ್ನ ಯಜಮಾನರು, ದಯಾನಂದಣ್ಣನೇ, ಫೋನ್ ಮಾಡಿದ್ದರು. "ಸುಗುಣಕ್ಕಾ, ನಾಲ್ಕು ಸಾಲು ಹೊಗಳಿದ್ರೆ ನಿಮ್ಮ ಗಂಟೆಂತ ಹೋಗ್ತದೆ? ನಿಮ್ಮ ಅನಘಳ ಕೆಲ್ಸಕ್ಕೂ ಸಾಹೇಬ್ರು ಒಂದು ಮಾತು ಹೇಳ್ತಾರಂತೆ ಮಾರಾಯ್ರೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ನನಗೆ ಗೊತ್ತು. ಆದರೂ ನನಗೆ ಮೈ ಉರಿದುಹೋಯಿತು.

ಈ ತಿಂಗಳು ಟಿ.ವಿ.ಯಲ್ಲಿ ರಾಜ್ಯದ ಬಜೆಟ್ ಓದುವುದನ್ನು ಕೂತು ಪೂರ್ತಿ ಕೇಳಿದೆ. ಕೊರೊನಾದಿಂದ ಬೊಕ್ಕಸ ಬರಿದಾಗಿದೆ, ಖರ್ಚಿಗೆ ಕಡಿವಾಣ ಬೇಕು, ಆದರೂ ಆರೋಗ್ಯಕ್ಕೇ ಮೊದಲ ಮಣೆ ಎಂದರು. ಮಣೆ ಹಾಕಿದವರು ಬಡಿಸುವುದನ್ನು ಮರೆತರು. ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ಕಟ್ಟಡ ಈ ವರ್ಷವೂ ಪಟ್ಟಿಯಲ್ಲಿಲ್ಲ. ಕೊರೊನಾ ಕಾಲಕ್ಕೆಂದು ತೆಗೆದುಕೊಂಡಿದ್ದ ಗುತ್ತಿಗೆ ನರ್ಸುಗಳಿಗೂ ಹಣವಿಲ್ಲವಂತೆ, ನನ್ನ ಮಗಳು ಅನಘಳನ್ನೂ ಸೇರಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ಕೇಂದ್ರಕ್ಕೆಂದು ಅರ್ಧ ಎದ್ದು ನಿಂತಿರುವ ಕಂಬಗಳನ್ನು, ಅದಕ್ಕಿದ್ದ ಹಣದ ಸಮೇತ, ಸಾಹೇಬರು ಮೇಲೆ ಮಾತಾಡಿ ನಮ್ಮ ಸಂಘದ ಸಭಾಭವನಕ್ಕೆ ಕೊಡಿಸಿದ್ದಾರೆ. ಈ ಸನ್ಮಾನ ಅದಕ್ಕೇ ತಾನೆ? ದಯಾನಂದಣ್ಣ ನನಗೆ ನಕ್ಷೆಯನ್ನೂ ತೋರಿಸಿದ್ದರು. ಹೆರಿಗೆ ಕೋಣೆ ಬರಬೇಕಾಗಿದ್ದಲ್ಲಿ ವೇದಿಕೆ ಬರುತ್ತದೆ.

ಸಭಾಭವನ ನನಗೂ ಬೇಕು ವಿನೋದಾ. ಮದುವೆ ಹಾಲ್‌ನವರು ಕಸಬರಿಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿರುವಾಗ ಎಷ್ಟು ನಾಟಕಗಳನ್ನು ಅರ್ಧಕ್ಕೇ ಮುಗಿಸಿಲ್ಲ ನಾವು! ಆದರೆ ಆ ಕಂಬಗಳ ನಡುವೆ ಕುರ್ಚಿ ಹಾಕಿ ಕೂರಲು ನನ್ನಿಂದಾಗದು.

ನಿನಗೆ ಚಂದ್ರಬಾಯಿ ನೆನಪಿರಬೇಕು. ಬಾಡಿಗೆಯ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಕೇಂದ್ರವನ್ನು ಗುಡಿಸಿ ಒರೆಸುತ್ತಿದ್ದವಳು. ಕಳೆದ ವರ್ಷ ಏಪ್ರಿಲಿನಲ್ಲಿ ಅವಳಿಗೆ ಉಸಿರು ಸಿಗದಾದಾಗ ಅಲ್ಲಿ ಮಲಗಿಸಲು ಒಂದು ಮಂಚವೂ ಇರಲಿಲ್ಲ. ಅನಘ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಕಲ್ಯಾಣದ ದೊಡ್ಡಾಸ್ಪತ್ರೆಗೆ ಹೊರಟಳು. ಆ ಕಂಬಗಳನ್ನು ದಾಟಿಯೇ ಹೋದರಂತೆ. ಚಂದ್ರಬಾಯಿ ಕಲ್ಯಾಣ ಮುಟ್ಟಲಿಲ್ಲ.

ಇನ್ನು ನನ್ನ ತಪ್ಪು. ಕಳೆದ ವಾರ ಅನಘ ಕೆಲಸ ಕೇಳಲು ಸಾಹೇಬರ ಆಫೀಸಿಗೆ ಹೋಗಿದ್ದಳು. ಅಲ್ಲಿ ಗೋಡೆಯ ಮೇಲೆ ಚಿನ್ನದ ಅಂಚಿನ ಫ್ರೇಮು. ಮೂರು ವರ್ಷಗಳ ಹಿಂದೆ, ಕೇಂದ್ರದ ಶಿಲಾನ್ಯಾಸವಾದಾಗ, ನಾವು ಕೊಟ್ಟ ಸನ್ಮಾನ ಪತ್ರ ಅದು. ಅವಳಿಗೆ ಕನ್ನಡ ಓದಲು ಬಾರದಿದ್ದರೂ ತಾಯಿಯ ಕೈಬರಹ ಗೊತ್ತಾಗದೆ ಇರುತ್ತದೆಯೇ? ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದಳು. "ಅಮ್ಮಾ, ಹೇ ತುಝಂಚ್ ಅಕ್ಷರ್ ನಾ?" ಎಂದು ಕೇಳಿದಳು. ಹೌದು, ನನ್ನದೇ ಅಕ್ಷರ ಎಂದೆ. ಏನು ಬರೆದಿದ್ದೀ ಎಂದಾಗ ಸಾಲು ಸಾಲಾಗಿ ಅರ್ಥ ಹೇಳಿದೆ. ಒಂದು ಸಾಲನ್ನು ಮಾತ್ರ ನುಂಗಿಕೊಂಡೆ.

ಆದ್ದರಿಂದ ಈ ಸಲ ಬೇರೆ ಯಾರಿಂದಾದರೂ ಬರೆಸಿ. ಮಗಳ ಕೆಲಸದ ಆಸೆ ತೋರಿಸಿ ನನ್ನ ಕೈಯನ್ನು ಕೊಳ್ಳಲು ಬರಬೇಡಿ. ಅವಳು ಬದಲಾಪುರದ ನರ್ಸಿಂಗ್ ಹೋಮಿಗೆ ಅರ್ಜಿ ಹಾಕಿದ್ದಾಳೆ. ಸಿಗದಿದ್ದರೆ ನಾನು ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರಿಯೇನು, ಅವರೆದುರು ಮಾತ್ರ ಸೊಂಟ ಬಗ್ಗಿಸೆನು. ನಿನ್ನ ಯಜಮಾನರಿಗೆ ಕೋಪ ಬರಬಹುದು. ಬರಲಿ. ನೀನು ಮಾತು ಬಿಟ್ಟರೆ ಮಾತ್ರ ನನಗೆ ತುಂಬ ದುಃಖವಾಗುತ್ತದೆ.

ಎಂದಿಗೂ ನಿನ್ನವಳೇ,
ಸುಗುಣಾ

ಮರೆತದ್ದು: ಲಕೋಟೆ ಅಂಟಿಸುವ ಮೊದಲು ಅನಘಳನ್ನು ಕೂರಿಸಿಕೊಂಡು ಆ ನುಂಗಿದ ಸಾಲನ್ನೂ ಹೇಳಿಬಿಟ್ಟೆ. "ಇವರಿರುವಾಗ ನಮ್ಮ ವಾರ್ಡಿನಲ್ಲಿ ಯಾರೂ ಚಿಕಿತ್ಸೆಯಿಲ್ಲದೆ ಸಾಯುವುದಿಲ್ಲ" ಎಂದು ಬರೆದಿದ್ದೆ, ವಿನೋದಾ. ಅವಳು ಮೊಬೈಲಿನ ಆ ಫೋಟೊ ತೆರೆದು, ಯಾವ ಸಾಲೆಂದು ಕೇಳಿ ನೋಡಿಕೊಂಡಳು. ಆಮೇಲೆ, ನೀನು ಬರೆಯದಿದ್ದರೆ ಇನ್ಯಾರೋ ಇದನ್ನೇ ಬರೆಯುತ್ತಾರೆ, ನೀನೇ ಬರೆ ಎಂದಳು. ಹಾಗಾಗಿ ಬೇರೆಯವರನ್ನು ಹುಡುಕಬೇಡಿ. ಪತ್ರ ಬರೆದು ಮುಗಿಸಿದ್ದೇನೆ. ಆ ಹಳೆಯ ಸಾಲಿನಿಂದಲೇ ಶುರು, ಅದರ ಪಕ್ಕದಲ್ಲೇ ಚಂದ್ರಬಾಯಿಯ ಹೆಸರು, ಕೊನೆಗೆ ಆ ಕಂಬಗಳ ಮೇಲೆ ಆರೋಗ್ಯ ಕೇಂದ್ರವೇ ಏಳಲಿ ಎಂಬ ಬೇಡಿಕೆ. ಬೇಡವೆಂದರೆ ಆಮಂತ್ರಣದಿಂದ ನನ್ನ ಹೆಸರನ್ನು ತೆಗೆಸಿ, ಹೊರಗೆ ರಸ್ತೆಯಲ್ಲಿ ನಿಂತು ಓದುತ್ತೇನೆ. ಸಾಹೇಬರಿಗೆ ಕನ್ನಡ ಬರುವುದಿಲ್ಲವೆಂಬ ಚಿಂತೆಯೂ ಬೇಡ. ಅನಘ ನನ್ನ ಪಕ್ಕದಲ್ಲೇ ನಿಂತು ಒಂದೊಂದು ಸಾಲನ್ನೂ ಮರಾಠಿಯಲ್ಲಿ ಹೇಳುತ್ತಾಳೆ.