ಹೊಸ್ತಿಲಲ್ಲಿಟ್ಟು ಹೋದ ಫ್ಲಾಸ್ಕು

॥ ಶ್ರೀಹರಿಯ ಪಾದಸ್ಮರಣೆಯೊಂದಿಗೆ ॥
ಮಾಘ ಶುದ್ಧ ಏಕಾದಶಿ, ರಿಚ್ಮಂಡ್ ಹಿಲ್

ಪ್ರಾಣಮಿತ್ರರಾದ ಶಂಕರರಾಯರಿಗೆ,

ಅನಂತ ನಮಸ್ಕಾರಗಳು. ಓಕ್‌ವಿಲ್‌ನಿಂದ ನೀವು ಕಡೆಯ ಬಾರಿ ಬಂದು ಈ ತಿಥಿಗೆ ಒಂದು ವರ್ಷ. ಮನೆಯ ಮುಂದೆ ಹಿಮ ಬಿದ್ದಿದೆ. ಅದರ ಮೇಲೆ ಒಂದು ಚಕ್ರದ ಗುರುತೂ ಇಲ್ಲ.

ನೆನಪಿದೆಯೇ, ಮೂತ್ರಪಿಂಡದಲ್ಲಿ ಎರಡನೆಯ ಬಾರಿ ಕಲ್ಲು ಕಂಡಾಗ ವೈದ್ಯರು ನನಗೆ ಪೊಟ್ಯಾಸಿಯಂ ಸಿಟ್ರೇಟ್ ಬರೆದುಕೊಟ್ಟದ್ದು? ಒಂದು ದಿನವೂ ನೀರು ಬಿಡಕೂಡದು, ಇನ್ನೊಮ್ಮೆ ಬಂದರೆ ಮೂತ್ರಪಿಂಡ ಉಳಿಯುವುದು ಕಷ್ಟವೆಂದರು. ನಾನೋ ಏಕಾದಶಿಯಂದು ತೊಟ್ಟು ನೀರನ್ನೂ ಮುಟ್ಟದವನು. ಜೀವಮಾನವೆಲ್ಲ ರಸಾಯನಶಾಸ್ತ್ರ ಬೋಧಿಸಿದ ನೀವು ಆ ಬಿಳಿಯ ಪುಡಿಯ ಮಹಿಮೆಯನ್ನು ಪುರಾಣದಂತೆ ಹೇಳಿದಿರಿ: ನಿಂಬೆಯ ಹುಳಿಯಿಂದಾದ ಲವಣವಾದರೂ ಹುಳಿಯ ಉಗ್ರತೆ ಅದಕ್ಕಿಲ್ಲ, ಕ್ಯಾಲ್ಸಿಯಮ್ಮನ್ನು ತಾನು ಹಿಡಿದುಕೊಂಡು ಕಲ್ಲಾಗದಂತೆ ತಡೆಯುತ್ತದೆ, ದಾನಿಯ ರಕ್ತ ಚೀಲದಲ್ಲಿ ಹೆಪ್ಪುಗಟ್ಟದಂತೆ ಕಾಯುವುದೂ, ಚೀಸ್ ಕರಗುವಾಗ ಜಿಡ್ಡು ಬೇರೆಯಾಗದಂತೆ ನೋಡುವುದೂ ಅದರ ಸೋದರ ಲವಣವೇ. ಆಮೇಲೆ, "ಪೂಜೆಗಿರೋ ಸಾಲಿಗ್ರಾಮ ಸಾಲ್ದು ಅಂತ ಒಳಗೇ ಒಂದು ಮಾಡ್ಕೊಳ್ತಿದೀರಾ ಆಚಾರ್ರೇ?" ಎಂದಿರಿ. ಅಂದು ನಾನು ನಗಲಿಲ್ಲ. ಈಗ ಒಮ್ಮೊಮ್ಮೆ ಒಬ್ಬನೇ ನಗುತ್ತೇನೆ, ಕೇಳುವವರು...

ಕಳೆದ ವರ್ಷದ ಈ ಏಕಾದಶಿಯಂದು ಫ್ಲಾಸ್ಕಿನಲ್ಲಿ ಔಷಧದ ನೀರು ಹಿಡಿದು ಬಂದು ನೀವು ಬಾಗಿಲಲ್ಲಿ ನಿಂತಿದ್ದಿರಿ.

"ಡಾಕ್ಟ್ರು ಹೇಳಿದ್ದು ಬಿಡಿ, ನಾನು ಕೇಳ್ತಿದೀನಿ. ಒಂದೇ ಗ್ಲಾಸು."

"ನನ್ನ ವ್ರತ ಕೆಡಿಸ್ಬೇಡಿ, ಹೋಗಿ."

ಬಾಗಿಲು ಹಾಕಿಕೊಂಡೆ. ನಿಮ್ಮ ಕಾರು ಹೊರಟ ಸದ್ದು ಎಷ್ಟೋ ಹೊತ್ತು ಕೇಳಿಸಲಿಲ್ಲ. ಆ ಚಳಿಯಲ್ಲಿ ಕಾರಿನೊಳಗೆ ಕುಳಿತು ಏನನ್ನು ಕಾಯುತ್ತಿದ್ದಿರಿ? ನಾನೇಕೆ ಕಿಟಕಿಯವರೆಗೂ ಬರಲಿಲ್ಲ? ಮರುದಿನ ಪಾರಣೆ ಮುಗಿಸಿ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಫ್ಲಾಸ್ಕು. ಫೋನ್ ಮಾಡಲು ಅಭಿಮಾನ ಬಿಡಲಿಲ್ಲ. ಐದನೆಯ ದಿನ ನಿಮ್ಮ ಮಗಳೇ ಮಾಡಿದಳು. ನೀವು ನಿದ್ದೆಯಿಂದ ಏಳಲಿಲ್ಲವೆಂದು ಹೇಳಿ...

ಜಲ, ಫಲ, ಕ್ಷೀರ, ಔಷಧಗಳಿಂದ ವ್ರತಭಂಗವಿಲ್ಲವೆಂದು ಶಾಸ್ತ್ರ. ದೇವಸ್ಥಾನದಲ್ಲಿ ಅದನ್ನು ಹತ್ತು ಜನರಿಗೆ ಪಾಠ ಹೇಳಿದವನು ನಾನೇ. ನಿಮ್ಮನ್ನು ಕಳುಹಿಸಿದ್ದು ಭಕ್ತಿಯಲ್ಲ, ರಾಯರೇ, ಅಹಂಕಾರ. ನೀವು ಹೋದ ಮೇಲೂ ಏಕಾದಶಿಗಳನ್ನು ಹಾಗೆಯೇ ಕಳೆದೆ. ನೀವು ಕೇಳಿದಾಗ ಕುಡಿಯದ ನೀರನ್ನು ಇನ್ನು ಯಾರ ಮಾತಿಗೆ ಕುಡಿಯಲಿ?

ಕಳೆದ ವಾರದ ಸ್ಕ್ಯಾನಿನಲ್ಲಿ ಮತ್ತೊಂದು ಹರಳು ಕಂಡಿದೆ. ವೈದ್ಯರು ಬೈಯಲಿಲ್ಲ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಮಾತ್ರ ಕೇಳಿದರು.

ಇಂದು ಪೂಜೆಯಾದ ಮೇಲೆ, ಔಷಧ ಬರಿಹೊಟ್ಟೆಯಲ್ಲಿ ಬೇಡವೆಂದು ವೈದ್ಯರು ಹೇಳಿದ್ದರಿಂದ ಹಣ್ಣು, ಹಾಲು ಸೇವಿಸಿದೆ. ನಿಮ್ಮ ಫ್ಲಾಸ್ಕಿನಲ್ಲೇ ಪುಡಿ ಕದಡಿ, ಶ್ರೀಹರಿಗೆ ಅರ್ಪಿಸಿ, ಕುಡಿದೆ. ತುಸು ಉಪ್ಪುಪ್ಪು. ನೀವು ಕೇಳದೆ ಹೋದ ಸುದ್ದಿ ಇದೊಂದೇ. ಇನ್ನು ಯಾವ ಏಕಾದಶಿಯಂದೂ ಈ ನೀರು ತಪ್ಪುವುದಿಲ್ಲ.

ನಿಮ್ಮ ಆತ್ಮಕ್ಕೆ ಸದ್ಗತಿಯಾಗಲಿ. ನಿಮ್ಮ ಮಗಳಿಗೂ, ಆ ವೈದ್ಯರಿಗೂ, ಮುಚ್ಚಿದ ಬಾಗಿಲ ಮುಂದೆ ಕಾಯುವ ಎಲ್ಲರಿಗೂ ಶ್ರೀಹರಿ ಮಂಗಳವನ್ನುಂಟುಮಾಡಲಿ.